ಸಭಾಕಂಪ: ಕನ್ನಡ ನಾಡಿನ ಗಾಯಕರು ವೇದಿಕೆಗೆ ಸಿದ್ಧರಾದ ಬಗೆ

ಕನ್ನಡದಲ್ಲಿ 'ಸಭಾಕಂಪ' ಎಂದೊಂದು ಮಾತಿದೆ. ಸಭೆಯನ್ನು ಕಂಡೊಡನೆ ಮೈಯಲ್ಲಿ ಹುಟ್ಟುವ ನಡುಕ ಎಂದು ಅದರ ಅರ್ಥ. ಭಾಷಣಕಾರರಿಗೂ ನಟರಿಗೂ ಪರೀಕ್ಷಕರ ಮುಂದೆ ನಿಂತ ವಿದ್ಯಾರ್ಥಿಗಳಿಗೂ ಇದು ತಪ್ಪಿದ್ದಲ್ಲವಾದರೂ ಸಂಗೀತಗಾರರಿಗೆ ಇದರ ಕಾಟ ಹೆಚ್ಚು. ಭಾಷಣಕಾರನ ಕೈ ನಡುಗಿದರೆ ಮೇಜಿನ ಹಿಂದೆ ಬಚ್ಚಿಟ್ಟುಕೊಳ್ಳಬಹುದು. ಪಿಟೀಲಿನ ಕಮಾನು ಹಿಡಿದ ಕೈ ನಡುಗಿದರೆ ಅದು ಕೊನೆಯ ಸಾಲಿನಲ್ಲಿ ಕುಳಿತವರಿಗೂ ಕೇಳಿಸುತ್ತದೆ. ಗಾಯಕನ ಬಾಯಿ ಒಣಗಿದರೆ ಮೇಲಿನ ಷಡ್ಜವೇ ಅದನ್ನು ಸಾರಿ ಹೇಳುತ್ತದೆ.

ನಮ್ಮ ಸಂಗೀತಶಾಸ್ತ್ರದಲ್ಲಿ ಕಂಪನಕ್ಕೆ ಒಂದು ಗೌರವದ ಸ್ಥಾನವೂ ಇದೆಯೆಂಬುದು ಸ್ವಾರಸ್ಯದ ಸಂಗತಿ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ಹೇಳಿರುವ 15 ಗಮಕಗಳಲ್ಲಿ 'ಕಂಪಿತ'ವೂ ಒಂದು. ಸ್ವರವನ್ನು ಬೇಕಾದಷ್ಟೇ, ಬೇಕಾದ ಕಡೆಯೇ ಅಲುಗಿಸಿದರೆ ಅದು ರಾಗಕ್ಕೆ ಅಲಂಕಾರ. ನಮ್ಮ ಇಚ್ಛೆಯಿಲ್ಲದೆ ತಾನೇ ಅಲುಗಿದರೆ ಅದು ಸಭಾಕಂಪ. ಒಂದು ಕಂಪನ ಹಿಡಿತದಲ್ಲಿದೆ, ಇನ್ನೊಂದು ಹಿಡಿತ ತಪ್ಪಿದೆ. ಸಂಗೀತಗಾರರ ಇಡೀ ಸಾಧನೆಯೇ ಈ ಎರಡರ ನಡುವಿನ ಹಾದಿ ಎನ್ನಬಹುದೇನೋ.

ಸ್ಮರಣ ಸಂಚಿಕೆಗೆ ಲೇಖನ ಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾವು ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ವೃತ್ತಿಯಿಂದ ನಾವು ವೈದ್ಯರು. ಸಂಗೀತದಲ್ಲಿ ಬರಿಯ ಶ್ರೋತೃಗಳು. ಸಂಘದ ಕಾರ್ಯಕ್ರಮಗಳು ಹತ್ತಿರವಾದಂತೆ ತಾಯ್ತಂದೆಯರು ನಮ್ಮನ್ನು ಪಕ್ಕಕ್ಕೆ ಕರೆದು, "ಮಗಳು ಮನೆಯಲ್ಲಿ ಬಹಳ ಚೆನ್ನಾಗಿ ಹಾಡ್ತಾಳೆ ಡಾಕ್ಟ್ರೇ, ಸ್ಟೇಜ್ ಹತ್ತಿದ್ರೆ ಗಂಟಲೇ ಹೊರಡಲ್ಲ, ಏನಾದ್ರೂ ಮಾತ್ರೆ ಇದೆಯಾ?" ಎಂದು ಕೇಳುವುದುಂಟು. ಮಾತ್ರೆಯ ಕಥೆಯನ್ನು ಮುಂದೆ ಹೇಳುತ್ತೇವೆ. ಅದಕ್ಕಿಂತ ಹಳೆಯದಾದ, ಅದಕ್ಕಿಂತ ಬಾಳಿಕೆಯ ಮದ್ದೊಂದು ನಮ್ಮ ನಾಡಿನ ಸಂಗೀತದ ಚರಿತ್ರೆಯಲ್ಲಿಯೇ ಇದೆ. ಮೊದಲು ಅದನ್ನು ನೋಡೋಣ.

ಮೈಸೂರಿನ ಸಭೆ

ಮೈಸೂರಿನ ಸಂಗೀತಪ್ರಿಯರು ತಲೆಮಾರುಗಳಿಂದ ಹೇಳಿಕೊಂಡು ಬಂದ ಒಂದು ಕಥೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಶಿವರಾತ್ರಿಯ ಸಭೆಯಲ್ಲಿ ಹೊರಗಿನಿಂದ ಬಂದ ವಿದ್ವಾಂಸರೊಬ್ಬರು ಕ್ಲಿಷ್ಟವಾದ ಪಲ್ಲವಿಯೊಂದನ್ನು ಹಾಡಿ, ಆಸ್ಥಾನದವರು ಇದನ್ನು ಹಾಡಿ ತೋರಿಸಲಿ ಎಂದು ಸವಾಲು ಹಾಕಿದರಂತೆ. ಹಿರಿಯರು ಹಿಂದುಮುಂದು ನೋಡುತ್ತಿದ್ದಾಗ ಸುಮಾರು ಹತ್ತು ವರ್ಷದ ಹುಡುಗನೊಬ್ಬ ಎದ್ದು ಅದನ್ನು ಹಾಡಿಯೇಬಿಟ್ಟನಂತೆ. ಆ ಹುಡುಗನೇ 1852ರಲ್ಲಿ ಹುಟ್ಟಿದ, ಮುಂದೆ ವೀಣೆ ಶೇಷಣ್ಣನವರೆಂದು ದೇಶಕ್ಕೆಲ್ಲ ಪ್ರಸಿದ್ಧರಾದವರು.

ಈ ಕಥೆಯನ್ನು ಕೇಳಿದವರು ಹುಡುಗನ ಪ್ರತಿಭೆಗೆ ತಲೆದೂಗುತ್ತಾರೆ. ಅದು ಸಹಜವೇ. ಆದರೆ ಶೇಷಣ್ಣನವರ ತಂದೆ ಚಿಕ್ಕರಾಮಪ್ಪನವರು ಆಸ್ಥಾನದ ವೈಣಿಕರಾಗಿದ್ದರೆಂಬುದನ್ನು ಮರೆಯಬಾರದು. ಬೆಳಗಾದರೆ ವೀಣೆಯ ನಾದ ಕೇಳುವ ಮನೆ, ವಿದ್ವಾಂಸರು ಬಂದುಹೋಗುವ ಜಗಲಿ. ನಮಗೆ ಅರಮನೆಯ ಸಭೆ ಎಂದರೆ ಎದೆ ಝಲ್ಲೆನ್ನುತ್ತದೆ. ಅಂಥ ಮನೆಯ ಹುಡುಗನಿಗೆ ಅದು ತನ್ನ ಮನೆಯ ಹಜಾರದ ಮುಂದುವರಿದ ಭಾಗವಾಗಿದ್ದಿರಬೇಕು. ಹಾಡಿದ್ದು ಒಬ್ಬನೇ ಆದರೂ ಅವನ ಹಿಂದೆ ಒಂದು ಮನೆತನದ ಅಭ್ಯಾಸವೇ ಕುಳಿತಿತ್ತು.

ಅಂಥ ಮನೆಯಲ್ಲಿ ಹುಟ್ಟದವರ ಗತಿಯೇನು? ಅವರಿಗಾಗಿಯೇ ಗುರುಗಳ ಮನೆಯಿತ್ತು. ತಿರುಮಕೂಡಲು ನರಸೀಪುರದ ಕಡೆಯಿಂದ ಬಂದ ಟಿ. ಚೌಡಯ್ಯನವರು 1910ರಿಂದ 1918ರವರೆಗೆ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ ಮಾಡಿದರು. ಎಂಟು ವರ್ಷದ ಕಠಿಣ ಶಿಕ್ಷಣ. ಕೃಷ್ಣಪ್ಪನವರು ಸ್ವತಃ ಗಾಯಕರು; ಹೀಗಾಗಿ ಶಿಷ್ಯನ ಪಿಟೀಲು ಗಾಯಕನ ಉಸಿರನ್ನು ಅನುಸರಿಸುವುದನ್ನು ಪಕ್ಕದಲ್ಲಿಯೇ ಕುಳಿತು ಕಲಿಯಿತು.

ಚೌಡಯ್ಯನವರ ಬಾಳಿನಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. ಆಗ ಮೈಕುಗಳಿಲ್ಲದ ಕಾಲ. ದೊಡ್ಡ ಸಭೆಯಲ್ಲಿ ಹಿಂದೆ ಕುಳಿತವರಿಗೆ ಪಿಟೀಲು ಸರಿಯಾಗಿ ಕೇಳಿಸುತ್ತಿರಲಿಲ್ಲ. ತನ್ನ ನಾದ ಸಭೆಗೆ ತಲುಪುತ್ತಿಲ್ಲ ಎಂಬ ಅನುಮಾನಕ್ಕಿಂತ ವಾದಕನನ್ನು ಅಧೀರನನ್ನಾಗಿ ಮಾಡುವುದು ಬೇರೊಂದಿಲ್ಲ. 1927ರ ಹೊತ್ತಿಗೆ ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ವಾದ್ಯ ಮಾಡಿಕೊಂಡರು. ನಾದ ತುಂಬಿಬಂತು, ಹಿಂದಿನ ಸಾಲಿಗೂ ಮುಟ್ಟಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾವು ಗಾದೆ ಹೇಳಿ ನಗುತ್ತೇವೆ. ಆದರೆ ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಜಾಣನಾದವನು ದೂರುತ್ತ ಕೂರದೆ ಅದನ್ನು ಸಮ ಮಾಡಿಕೊಳ್ಳುತ್ತಾನೆ. ಇಂದು ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕ ಭವನವೇ ಪಿಟೀಲಿನ ಆಕಾರದಲ್ಲಿ ನಿಂತಿದೆ.

ಕುಂದಗೋಳದ ರೈಲು

ಇನ್ನು ಉತ್ತರ ಕರ್ನಾಟಕಕ್ಕೆ ಹೋಗೋಣ. 1924ರ ಡಿಸೆಂಬರ್ ತಿಂಗಳು, ಬೆಳಗಾವಿ. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಹುಯಿಲಗೋಳ ನಾರಾಯಣರಾಯರ ಕನ್ನಡ ನಾಡಿನ ಗೀತೆ ಮೊಳಗಿದ್ದೂ ಅಲ್ಲಿಯೇ. ಆ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಧಾರವಾಡದ ಹನ್ನೊಂದು ವರ್ಷದ ಹುಡುಗಿಯೊಬ್ಬಳಿದ್ದಳು. ಅವಳೇ ಮುಂದಿನ ಗಂಗೂಬಾಯಿ ಹಾನಗಲ್.

ಅಷ್ಟು ದೊಡ್ಡ ಸಭೆ, ಎದುರಿಗೆ ಗಾಂಧೀಜಿ. ಹುಡುಗಿಗೆ ಎಷ್ಟು ಭಯವಾಗಿರಬೇಡ ಎಂದು ನಮಗೆ ತೋರುತ್ತದೆ. ಭಯವಾಗಿದ್ದು ನಿಜ. ಆದರೆ ಅದು ಹಾಡಿನ ಭಯವಾಗಿರಲಿಲ್ಲ. ಊಟವಾದ ಮೇಲೆ, ನೀನು ಕೆಳಜಾತಿಯವಳು, ಎಂಜಲೆಲೆ ತೆಗೆ ಎಂದು ಯಾರಾದರೂ ಹೇಳಿಬಿಟ್ಟರೆ ಏನು ಮಾಡುವುದು ಎಂಬ ಭಯ. ಗಂಗೂಬಾಯಿಯವರು ಇದನ್ನು ವೃದ್ಧಾಪ್ಯದಲ್ಲಿಯೂ ಮರೆಯದೆ ಹೇಳುತ್ತಿದ್ದರು. ಬೀದಿಯಲ್ಲಿ ನಡೆದುಹೋಗುವಾಗ 'ಗಾನೇವಾಲಿ ಬಂದಳು' ಎಂದು ಜನ ಹಂಗಿಸುತ್ತಿದ್ದುದನ್ನೂ ಅವರು ಹೇಳಿಕೊಂಡಿದ್ದಾರೆ.

ವೈದ್ಯರಾದ ನಮಗೆ ಈ ನೆನಪು ಬಹಳ ಮುಖ್ಯವೆನಿಸುತ್ತದೆ. ಸಭಾಕಂಪ ಎಂದರೆ ಸ್ವರ ತಪ್ಪೀತೆಂಬ ಭಯ ಮಾತ್ರವಲ್ಲ. ಈ ಸಭೆ ನನ್ನನ್ನು ತನ್ನವಳೆಂದು ಒಪ್ಪಿಕೊಂಡೀತೇ ಎಂಬ ಭಯವೂ ಹೌದು. ಮೊದಲನೆಯದಕ್ಕೆ ಅಭ್ಯಾಸ ಮದ್ದು. ಎರಡನೆಯದಕ್ಕೆ ಹಾಡುವವರೊಬ್ಬರ ಅಭ್ಯಾಸ ಸಾಲದು. ಅದಕ್ಕೆ ಸಭೆಯೇ ಮದ್ದಾಗಬೇಕು.

ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳು ಹಿಂದೂಸ್ತಾನಿ ಸಂಗೀತ ಕಲಿಯುತ್ತಿದ್ದಾಳೆ, ತನ್ನ ಹಾಡಿನ ಛಾಯೆ ಅವಳ ಮೇಲೆ ಬೀಳಬಾರದು ಎಂದು ತಾವು ಹಾಡುವುದನ್ನೇ ನಿಲ್ಲಿಸಿದ ಮಹಾತಾಯಿ. ಹುಲಗೂರ ಕೃಷ್ಣಾಚಾರ್ಯರು, ದತ್ತೋಪಂತ ದೇಸಾಯಿಯವರು, ಆಮೇಲೆ ಸವಾಯಿ ಗಂಧರ್ವರು, ಹೀಗೆ ಗಂಗೂಬಾಯಿಯವರ ಶಿಕ್ಷಣ ನಡೆಯಿತು. ಸವಾಯಿ ಗಂಧರ್ವರೆಂದರೆ ಕುಂದಗೋಳದ ರಾಮಭಾವು ಅವರು. ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರು. ಹದಿಹರೆಯದಲ್ಲಿ ಒಡೆದು ಬಿರುಸಾದ ದನಿಯನ್ನು ವರ್ಷಗಟ್ಟಲೆ ದುಡಿದು ಪಳಗಿಸಿಕೊಂಡವರು, ನಾಟಕ ಕಂಪನಿಯ ರಂಗದ ಮೇಲೆ ಹೆಸರು ಮಾಡಿದವರು. ವೇದಿಕೆಯ ಕಷ್ಟ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ, ರಾತ್ರಿಯ ರೈಲಿಗೆ ಹಿಂತಿರುಗುತ್ತಿದ್ದರು. ಆಗ ಗುರುಗಳ ಮನೆಯಲ್ಲಿ ನೀರು ಹೊತ್ತುಕೊಂಡು ಕಲಿಯುತ್ತಿದ್ದ ಹುಡುಗ ಭೀಮಸೇನ ಜೋಶಿ ಅವರನ್ನು ಸ್ಟೇಷನ್ನಿನವರೆಗೆ ಕಳುಹಿಸಿ ಬರುತ್ತಿದ್ದರಂತೆ. ಪಾಠವಾದರೂ ಎಂಥದು! ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ಹೇಳಿಸುವುದು. ಭೀಮಸೇನರಿಗೂ ಬಹುಕಾಲ ತೋಡಿ, ಮುಲ್ತಾನಿ, ಪೂರಿಯಾ ಈ ಮೂರೇ ರಾಗಗಳ ತಾಲೀಮು. ಜಿಪುಣನು ದುಡ್ಡನ್ನು ಬಿಚ್ಚುವ ಹಾಗೆ ಸ್ವರವನ್ನು ಒಂದೊಂದಾಗಿ ಬಿಚ್ಚಬೇಕೆಂದು ಗುರುಗಳು ಕಲಿಸಿದರೆಂದು ಗಂಗೂಬಾಯಿಯವರು ಹೇಳುತ್ತಿದ್ದರು.

ಈ ಜಿಪುಣತನದ ಪಾಠದಲ್ಲಿ ಸಭಾಕಂಪಕ್ಕೆ ಮದ್ದಿದೆ. ಹೆದರಿದವನ ಮೊದಲ ಲಕ್ಷಣ ಅವಸರ. ಎದೆ ಓಡುತ್ತದೆ, ಅದರ ಹಿಂದೆ ಲಯವೂ ಓಡುತ್ತದೆ. ಕೈಯಲ್ಲಿದ್ದುದನ್ನೆಲ್ಲ ಐದು ನಿಮಿಷದಲ್ಲಿ ಚೆಲ್ಲಿ ಪಾರಾದರೆ ಸಾಕೆನಿಸುತ್ತದೆ. ಒಂದೇ ಸ್ವರದ ಮೇಲೆ ನಿಲ್ಲುವುದನ್ನು ವರ್ಷಗಟ್ಟಲೆ ರೂಢಿಸಿಕೊಂಡವರ ನಾಲಿಗೆ ಮಾತ್ರ ಎದೆ ಓಡಿದರೂ ತಾನು ಓಡುವುದಿಲ್ಲ.

ಇನ್ನೊಂದು ವಿಷಯ. ಮೊದಮೊದಲ ಧ್ವನಿಮುದ್ರಿಕೆಗಳಲ್ಲಿ ಗಂಗೂಬಾಯಿಯವರದು ತೆಳುವಾದ, ಎತ್ತರದ ದನಿ. ಟಾನ್ಸಿಲ್ ಚಿಕಿತ್ಸೆಯ ನಂತರ ಅದು ದಪ್ಪವಾಗಿ, ಗಂಡುದನಿಯಂತೆ ಗಂಭೀರವಾಯಿತು. ಬೇರೆಯವರಾಗಿದ್ದರೆ ಆ ದನಿ ಹೊತ್ತು ಸಭೆಗೆ ಹೋಗಲು ನಾಚಿ ಮನೆಯಲ್ಲಿ ಕುಳಿತುಬಿಡುತ್ತಿದ್ದರೇನೋ. ಅವರು ಆ ದನಿಯನ್ನೇ ತಮ್ಮ ಸಂಪತ್ತನ್ನಾಗಿ ಮಾಡಿಕೊಂಡರು. ಮಗಳು ಕೃಷ್ಣಾ ದಶಕಗಳ ಕಾಲ ತಾಯಿಯ ಹಿಂದೆ ಕುಳಿತು ದನಿಗೂಡಿಸಿದರು. ಕೃಷ್ಣಾ 2004ರಲ್ಲಿ ತೀರಿಕೊಂಡರು, ತಾಯಿ 2009ರಲ್ಲಿ. ಸ್ವಾಗತಗೀತೆ ಹಾಡಿ ಎಂಜಲೆಲೆಗೆ ಹೆದರಿದ ಹುಡುಗಿ ಪದ್ಮವಿಭೂಷಣೆಯಾಗಿ, ಹುಬ್ಬಳ್ಳಿಯ ಹೆಮ್ಮೆಯಾಗಿ ಕಣ್ಣು ಮುಚ್ಚಿದರು.

ಗುರುವೇ ತಬಲಾಕ್ಕೆ ಕುಳಿತ ದಿನ

ಸಭೆಯೇ ಮದ್ದಾಗಬೇಕು ಎಂದೆವಷ್ಟೆ. ಅದು ಹೇಗೆ ಎಂಬುದಕ್ಕೆ ಬಸವರಾಜ ರಾಜಗುರುಗಳ ಮೊದಲ ಕಚೇರಿಗಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ. ಜನಜಂಗುಳಿಯ ಎದುರು ಹದಿಹರೆಯದ ಹುಡುಗನ ಪ್ರಥಮ ಪ್ರವೇಶ. ತಬಲಾಕ್ಕೆ ಕುಳಿತವರು ಯಾರು? ಅವರ ಗುರುಗಳೇ ಆದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು!

ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಊರಿಂದೂರಿಗೆ ತಿರುಗುತ್ತ, ನಾಟಕ ಕಂಪನಿಯನ್ನೂ ಕಟ್ಟಿ, ಬಡ ಮಕ್ಕಳಿಗೂ ಅಂಧ ಮಕ್ಕಳಿಗೂ ಅನ್ನ ಹಾಕಿ ಸಂಗೀತ ಕಲಿಸಿದ ಪುಣ್ಯಾತ್ಮರು. ಅಂಥ ಗುರು ಶಿಷ್ಯನ ಮೊದಲ ಸಭೆಯಲ್ಲಿ ಎದುರಿನ ಕುರ್ಚಿಯಲ್ಲಿ ಕೂರಲಿಲ್ಲ. ಪಕ್ಕದಲ್ಲಿ ತಾಳ ಹಿಡಿದು ಕುಳಿತರು. ಕಾಲು ಜಾರಿದರೆ ಹಿಡಿಯಲು ಗುರುವಿನ ಕೈ ಒಂದು ಮೊಳದ ದೂರದಲ್ಲಿದೆ ಎಂದು ಗೊತ್ತಿದ್ದ ಹುಡುಗ ಆ ದಿನ ಹೇಗೆ ಹಾಡಿರಬೇಕೆಂದು ನೀವೇ ಊಹಿಸಿಕೊಳ್ಳಿ.

ಹೀಗೆ ನೋಡುತ್ತ ಹೋದರೆ ನಮ್ಮ ಕಚೇರಿಯ ರಚನೆಯಲ್ಲಿಯೇ ಭಯಕ್ಕೆ ಮದ್ದು ಅಡಗಿರುವುದು ಕಾಣುತ್ತದೆ. ಅರಿಯಾಕುಡಿ ರಾಮಾನುಜ ಅಯ್ಯಂಗಾರ್ಯರು ರೂಢಿಗೆ ತಂದ ಕ್ರಮದಲ್ಲಿ ಕಚೇರಿ ಆರಂಭವಾಗುವುದು ವರ್ಣದಿಂದ. ಕಲಿಯುವ ದಿನಗಳಿಂದ ನೂರಾರು ಸಲ ಹಾಡಿ ನಿದ್ದೆಯಲ್ಲಿಯೂ ತಪ್ಪದಂತಾದ ವಸ್ತು ಅದು. ಅದನ್ನು ಹಾಡಿ ಮುಗಿಸುವಷ್ಟರಲ್ಲಿ ಗಂಟಲು ಬಿಚ್ಚಿರುತ್ತದೆ, ಎದೆಬಡಿತ ಇಳಿದಿರುತ್ತದೆ. ತಂಬೂರಿ ನಿಲ್ಲದೆ ಷಡ್ಜವನ್ನು ನೆನಪಿಸುತ್ತಿರುತ್ತದೆ. ಗಾಯಕ ಬಿಟ್ಟ ಎಳೆಯನ್ನು ಪಿಟೀಲು ಎತ್ತಿಕೊಳ್ಳುತ್ತದೆ. ತನಿ ಆವರ್ತನದ ಹೊತ್ತಿನಲ್ಲಿ ಹಾಡುವವರಿಗೆ ಒಂದು ಗುಟುಕು ನೀರು ಕುಡಿಯಲು ಬಿಡುವು ಸಿಗುತ್ತದೆ. ಮುಂದಿನ ಸಾಲಿನ ಹಿರಿಯರು 'ಭಲೇ' ಎನ್ನುತ್ತಾರೆ, ತೊಡೆಯ ಮೇಲೆ ತಾಳ ಹಾಕುತ್ತಾರೆ. ಭಯ ಮಾಯವಾಗುವುದಿಲ್ಲ, ಅಷ್ಟೂ ಜನರ ನಡುವೆ ಹಂಚಿಹೋಗುತ್ತದೆ.

ದೊಡ್ಡ ಸಭೆಗೆ ಮೊದಲು ಚಿಕ್ಕ ಸಭೆಗಳೂ ಇದ್ದವು. ಗುರುಗಳ ಮನೆಯ ಶನಿವಾರದ ಭಜನೆ, ದಾಸರ ಆರಾಧನೆಯ ಗೋಷ್ಠಿಗಾಯನ, ಗಣೇಶನ ಪೆಂಡಾಲು, ಪಾನಕ ಕೋಸಂಬರಿಯ ರಾಮನವಮಿ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆದು ಬಂದಿರುವ ಶ್ರೀ ರಾಮಸೇವಾ ಮಂಡಲಿಯ ಉತ್ಸವದ ಚಪ್ಪರದಲ್ಲಿ ಹಾಡುವ ದಿನ ಬರುವ ಮೊದಲು ಮಕ್ಕಳು ಇಂಥ ಎಷ್ಟೋ ಮೆಟ್ಟಿಲುಗಳನ್ನು ಹತ್ತಿರುತ್ತಿದ್ದರು. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ವೈದ್ಯರಾಗಿ ಈ ಗಾದೆಯ ಎರಡು ಭಾಗಗಳಿಗೂ ನಾವು ಸಾಕ್ಷಿ ಹೇಳಬಲ್ಲೆವು.

ವೈದ್ಯಶಾಸ್ತ್ರ ಏನು ಹೇಳುತ್ತದೆ?

ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿಯೇ ನಮಗೆ ಈ ಪಾಠ ಬರುತ್ತದೆ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿ ಅಪಾಯ ಕಂಡಾಗ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಈ ರಸವನ್ನು 1901ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದವರು ಅಮೆರಿಕದಲ್ಲಿ ನೆಲೆಸಿದ್ದ ಜಪಾನಿನ ವಿಜ್ಞಾನಿ ಜೋಕಿಚಿ ತಕಮಿನೆ. ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಕಾದಾಡಲು ಇಲ್ಲವೇ ಓಡಿಹೋಗಲು ದೇಹ ಹೇಗೆ ಸಜ್ಜಾಗುತ್ತದೆಂದು ವಿವರಿಸಿದರು. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಬೆರಳು ನಡುಗುತ್ತದೆ. ಹುಲಿ ಬಂದಾಗ ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಆದರೆ ನಮ್ಮ ದೇಹಕ್ಕೆ ಹುಲಿಗೂ ಐನೂರು ಜನರ ಕಣ್ಣಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಇದು ಅಳ್ಳೆದೆಯವರ ಕಾಯಿಲೆಯೆಂದು ಯಾರೂ ತಿಳಿಯಬಾರದು. ಸೆಲ್ಲೋ ವಾದನದಲ್ಲಿ ಜಗದ್ವಿಖ್ಯಾತರಾದ ಪಾಬ್ಲೋ ಕಸಾಲ್ಸ್ 1901ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ತಮಲ್ಪಾಯಸ್ ಬೆಟ್ಟದಿಂದ ಇಳಿಯುವಾಗ ಬಂಡೆಯೊಂದು ಉರುಳಿ ಬಂದು ಅವರ ಎಡಗೈ ಬೆರಳುಗಳನ್ನು ಜಜ್ಜಿತು. ಆಗ ಅವರ ಮನಸ್ಸಿಗೆ ಬಂದ ಮೊದಲ ವಿಚಾರ, ದೇವರ ದಯೆ, ಇನ್ನು ಮುಂದೆ ಸಭೆಯಲ್ಲಿ ನುಡಿಸಬೇಕಾಗಿಲ್ಲ ಎಂಬುದಂತೆ! ಬೆರಳು ವಾಸಿಯಾಯಿತು. ಕಸಾಲ್ಸ್ ತೊಂಬತ್ತು ದಾಟುವವರೆಗೂ ನುಡಿಸಿದರು. ಭಯವೂ ಕೊನೆಯವರೆಗೆ ಜೊತೆಗಿತ್ತು. ಪಿಯಾನೋ ವಾದಕ ವ್ಲಾದಿಮಿರ್ ಹೊರೊವಿಟ್ಸ್ 1953ರಲ್ಲಿ ವೇದಿಕೆ ಬಿಟ್ಟವರು ಮತ್ತೆ ಕಾರ್ನೆಗಿ ಹಾಲಿನ ವೇದಿಕೆ ಹತ್ತಿದ್ದು 1965ರಲ್ಲಿ. ಹನ್ನೆರಡು ವರ್ಷ!

ಈಗ ಮಾತ್ರೆಯ ಮಾತು. 1960ರ ದಶಕದಲ್ಲಿ ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಅವರ ಸಂಶೋಧನೆಯಿಂದ ಹೃದ್ರೋಗಕ್ಕಾಗಿ ಪ್ರೊಪ್ರನಲಾಲ್ ಎಂಬ ಬೀಟಾ ಬ್ಲಾಕರ್ ಬಂತು. 1988ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಇದೇ ಜಾತಿಯ ಔಷಧಿ ಸಂಗೀತಗಾರರ ಸಭಾಕಂಪವನ್ನು ತಗ್ಗಿಸುತ್ತದೆಯೆಂದು 1977ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿಯಾಯಿತು. ಮುಂದಿನ ದಶಕದಲ್ಲಿ ಅಮೆರಿಕದ ವೃತ್ತಿಪರ ವಾದ್ಯವೃಂದಗಳ 2212 ಕಲಾವಿದರನ್ನು ವಿಚಾರಿಸಿದಾಗ ಶೇಕಡಾ 27ರಷ್ಟು ಮಂದಿ ಇಂಥ ಮಾತ್ರೆಯನ್ನು ಒಮ್ಮೊಮ್ಮೆಯಾದರೂ ಬಳಸುತ್ತೇವೆಂದರು. ಅವರಲ್ಲಿ ಬಹುಪಾಲು ಜನ ವೈದ್ಯರ ಚೀಟಿಯಿಲ್ಲದೆಯೇ.

ಈ ಮಾತ್ರೆ ನಡುಕವನ್ನು ನಿಲ್ಲಿಸಬಲ್ಲದು. ಬಾರದ ಸ್ವರವನ್ನು ಬರಿಸಲಾರದು. ಉಬ್ಬಸದವರಿಗೆ ಇದು ಅಪಾಯಕಾರಿ. ವೈದ್ಯರು ಪರೀಕ್ಷಿಸಿ ಕೊಡಬೇಕಾದ ಸಂದರ್ಭಗಳು ವೃತ್ತಿಪರರ ಬಾಳಿನಲ್ಲಿ ಇರಬಹುದು. ಆದರೆ ಐದು ನಿಮಿಷ ದೇವರನಾಮ ಹಾಡುವ ಹತ್ತು ವರ್ಷದ ಮಗುವಿಗೆ ಅಕ್ಕಪಕ್ಕದ ಮನೆಯ ಔಷಧಿ ಡಬ್ಬಿಯಿಂದ ಇದನ್ನು ತಂದುಕೊಡುವುದು ಖಂಡಿತ ಕೂಡದು.

ಹಾಗಾದರೆ ವೈದ್ಯರು ತಮ್ಮ ಸ್ವಂತ ನಡುಕಕ್ಕೆ ಏನು ಮಾಡಿಕೊಂಡರು? ಮೊದಲ ಸಲ ರೋಗಿಯ ಮೈಮೇಲೆ ಕತ್ತರಿಯಿಟ್ಟ ಕೈ ಯಾರದು ತಾನೆ ನಡುಗಲಿಲ್ಲ! 1889ರಲ್ಲಿ ಬಾಗಿಲು ತೆರೆದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಆಸ್ಲರ್, ಹಾಲ್‌ಸ್ಟೆಡ್ ಮೊದಲಾದವರು ರೂಪಿಸಿದ ರೆಸಿಡೆನ್ಸಿ ಪದ್ಧತಿಯ ಗುಟ್ಟು ಇಷ್ಟೆ: ಮೊದಲು ನೋಡು, ಆಮೇಲೆ ಕೈಗೂಡಿಸು, ಆಮೇಲೆ ಹಿರಿಯರು ಹಿಂದೆ ನಿಂತಿರಲು ನೀನೇ ಮಾಡು, ಕೊನೆಗೆ ಒಬ್ಬನೇ ಮಾಡು. ಜವಾಬ್ದಾರಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ರಾತ್ರಿ ಎರಡು ಗಂಟೆಗೆ ಭುಜದ ಹಿಂದೆ ಒಬ್ಬ ಹಿರಿಯ ವೈದ್ಯರು ಏನೂ ಮಾತಾಡದೆ ನಿಂತಿದ್ದಾರೆ ಎಂಬುದು ನಮಗೆ ಕೊಟ್ಟ ಧೈರ್ಯವನ್ನು ಯಾವ ಮಾತ್ರೆಯೂ ಕೊಡಲಾರದಾಗಿತ್ತು. ಹಂಪಿಯಲ್ಲಿ ಗವಾಯಿಗಳು ತಬಲಾಕ್ಕೆ ಕುಳಿತದ್ದೂ ಇದೇ ಅಲ್ಲವೇ?

ಸಿಯಾಟಲ್‌ನಲ್ಲಿ

ನಾವು ನೆಲೆಸಿರುವ ಈ ಮಳೆಯೂರಿಗೆ ನಮ್ಮ ನಾಡಿನ ಸಂಗೀತ ಹೊಸದಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ರುದ್ರವೀಣೆಯ ಮಹಾನ್ ಕಲಾವಿದ ಜಿಯಾ ಮೊಹಿಯುದ್ದೀನ್ ಡಾಗರ್ ಅವರು ಪಾಠ ಹೇಳಿದ್ದಾರೆ. 1981ರಲ್ಲಿ ಹುಟ್ಟಿದ ರಾಗಮಾಲಾ ಸಂಸ್ಥೆ ಭಾರತದ ಕಲಾವಿದರನ್ನು ಇಲ್ಲಿಗೆ ಕರೆಸಿ ಕಚೇರಿ ಮಾಡಿಸುತ್ತ ಬಂದಿದೆ. 1986ರಲ್ಲಿ ಮೈಕ್ರೋಸಾಫ್ಟ್ ರೆಡ್ಮಂಡಿಗೆ ಬಂದ ಮೇಲೆ ಕನ್ನಡದ ಮನೆಗಳು ಬೆಲ್‌ವ್ಯೂ, ಬಾತೆಲ್, ಸಮಾಮಿಶ್‌ಗಳಲ್ಲೆಲ್ಲ ಬೆಳೆದವು. ಇಂದು ಇಲ್ಲಿನ ಮಕ್ಕಳಿಗೆ ಕಲಿಸುವ ಗುರುಗಳಿಗೆ ಕೊರತೆಯಿಲ್ಲ. ತಂಬೂರಿ ಫೋನಿನಲ್ಲಿಯೇ ಇದೆ. 1978ರಲ್ಲಿ ಆರಂಭವಾದ ಕ್ಲೀವ್‌ಲ್ಯಾಂಡಿನ ತ್ಯಾಗರಾಜ ಆರಾಧನೆಗೆ ಹೋಗಿ ಹಾಡಿ ಬರುವ ಮಕ್ಕಳೂ ಅಮೆರಿಕದ ಊರೂರುಗಳಲ್ಲಿದ್ದಾರೆ.

ಕೊರತೆಯಿರುವುದು ಮಧ್ಯದ ಮೆಟ್ಟಿಲುಗಳಿಗೆ. ನಮ್ಮ ಮಗು ವರ್ಷವಿಡೀ ಬಾಗಿಲು ಹಾಕಿದ ಕೋಣೆಯಲ್ಲಿ, ಹಲವು ಸಲ ಕಂಪ್ಯೂಟರಿನ ಪರದೆಯ ಎದುರು ಕಲಿಯುತ್ತದೆ. ಆಮೇಲೆ ಒಂದು ದಿನ, ಯುಗಾದಿಗೋ ರಾಜ್ಯೋತ್ಸವಕ್ಕೋ, ನೇರವಾಗಿ ನಾನೂರು ಐನೂರು ಜನರ ಸಭಾಂಗಣ. ಕಣ್ಣಿಗೆ ಹೊಡೆಯುವ ದೀಪ, ಪಕ್ಕವಾದ್ಯದ ಬದಲು ಯಾರಿಗೂ ಕಾಯದ ರೆಕಾರ್ಡಿನ ಹಿನ್ನೆಲೆ ಸಂಗೀತ, ಎದುರಿಗೆ ಮುಖಗಳ ಬದಲು ಮೇಲೆತ್ತಿದ ಫೋನುಗಳು, ಮಧ್ಯಂತರದ ಕಾಫಿಗೆ ಅತ್ತಿತ್ತ ಓಡಾಡುವ ಸಭೆ. 2020ರ ಸಾಂಕ್ರಾಮಿಕದ ದಿನಗಳಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ಹಾಡಿ, ತಪ್ಪಿದರೆ ಮತ್ತೆ ಹಾಡಿ, ಚೆನ್ನಾಗಿ ಬಂದುದನ್ನು ಮಾತ್ರ ಕಳುಹಿಸಿದರು. ಆಗ ಅದು ಅನಿವಾರ್ಯವಾಗಿತ್ತು. ಆದರೆ ತಪ್ಪಿದ ಮೇಲೆ ನಿಲ್ಲದೆ ಮುಂದೆ ಹೋಗುವ ವಿದ್ಯೆಯನ್ನು ಅದು ಕಲಿಸಲಿಲ್ಲ. ಸಜೀವ ಸಭೆಯ ಅತಿ ದೊಡ್ಡ ಪಾಠ ಅದೇ.

ನಮ್ಮ ಮಕ್ಕಳ ಭಯದಲ್ಲಿ ಬೆಳಗಾವಿಯ ಹುಡುಗಿಯ ಭಯದ ಒಂದು ಎಳೆಯೂ ಇದೆ. ಎರಡನ್ನೂ ಸರಿದೂಗಿಸಿ ಹೇಳುತ್ತಿಲ್ಲ. ಜಾತಿಯ ಅವಮಾನ ಬೇರೆ ತೂಕದ್ದು. ಆದರೂ ಇಲ್ಲಿ ಹುಟ್ಟಿದ ಮಗು ವೇದಿಕೆಯ ಮೇಲೆ ಸ್ವರಕ್ಕೆ ಎಷ್ಟು ಹೆದರುತ್ತದೋ ತನ್ನ ಕನ್ನಡದ ಉಚ್ಚಾರಣೆಗೂ ಅಷ್ಟೇ ಹೆದರುತ್ತದೆ. ಳಕಾರ ಜಾರಿದರೆ ಮುಂದಿನ ಸಾಲಿನ ಮಾವಂದಿರು, ಅತ್ತೆಯಂದಿರು ನಕ್ಕಾರೆಂದು ಅದಕ್ಕೆ ಗೊತ್ತು. ಒಂದು ಸಲ ನಕ್ಕರೆ ಹೋಗುವುದು ಬರಿಯ ಹಾಡಲ್ಲ. ಆ ಮಗುವಿನ ಬಾಯಿಂದ ಕನ್ನಡವೇ ಹೋದೀತು. ಅನೇಕ ಮನೆಗಳಲ್ಲಿ ಮಕ್ಕಳು ಆಡುವ ಮಾತು ಇಂಗ್ಲಿಷೇ ಆಗಿ, ಹಾಡೊಂದೇ ಅವರ ಕನ್ನಡದ ಕೊನೆಯ ಕೊಂಡಿಯಾಗಿ ಉಳಿದಿದೆ. ಅದು ಕಡಿದರೆ ಮತ್ತೆ ಬೆಸೆಯುವುದು ಸುಲಭವಲ್ಲ.

ಆದುದರಿಂದ ಸಂಘದ ಹಿರಿಯರ ಮುಂದೆ ನಮ್ಮದೊಂದು ವಿಜ್ಞಾಪನೆ. ದೊಡ್ಡ ಉತ್ಸವಗಳು ನಡೆಯಲಿ. ಅವುಗಳ ನಡುವೆ, ತಿಂಗಳಿಗೊಮ್ಮೆ, ಯಾರದಾದರೂ ಮನೆಯ ಹಜಾರದಲ್ಲಿ ಜಮಖಾನ ಹಾಸಿ, ಇಪ್ಪತ್ತು ಜನ ಕುಳಿತು ಕೇಳುವ ಸಣ್ಣ ಬೈಠಕ್ ನಡೆಯಲಿ. ಮೈಕು ಬೇಡ, ಬಹುಮಾನ ಬೇಡ, ಫೋನು ಜೇಬಿನಲ್ಲಿರಲಿ. ಚಿಕ್ಕವರು ಮೊದಲು ಗೋಷ್ಠಿಯಲ್ಲಿ ಹಾಡಲಿ, ಆಮೇಲೆ ಅಕ್ಕನ ಜೊತೆ, ಆಮೇಲೆ ಗುರುಗಳು ಪಕ್ಕದಲ್ಲಿರಲು ಒಬ್ಬರೇ. ಮೃದಂಗ ಕಲಿಯುವ ಹುಡುಗ ಪಿಟೀಲು ಕಲಿಯುವ ಹುಡುಗಿಗೆ ಜೊತೆಯಾಗಲಿ. ಮೊದಲು ವರ್ಣ ಇಲ್ಲವೇ ತೀರ ಬಾಯಿಗೆ ಬಂದ ದೇವರನಾಮ. ಹೊಸದಾಗಿ ಕಲಿತದ್ದು ನಡುವೆ. ದೊಡ್ಡ ಸಭೆಯ ದಿನ ಒಂದು ಗಂಟೆ ಮೊದಲೇ ಕರೆದೊಯ್ದು ಖಾಲಿ ವೇದಿಕೆಯ ಮೇಲೆ ಹಾಡಿಸಿ, ದನಿ ಹಿಂದಿನ ಸಾಲಿಗೆ ಮುಟ್ಟುತ್ತಿದೆಯೇ ನೋಡೋಣ. ಚೌಡಯ್ಯನವರು ತೋರಿಸಿದ ದಾರಿ ಅದು.

ಕೇಳುವವರ ಪಾಲಿನ ಕೆಲಸವೂ ಇದೆ. ಹಾಡುವವರು ಕುಳಿತ ಮೇಲೆ ನಾವೂ ಕುಳಿತಿರೋಣ. ಸಾಹಿತ್ಯ ಮರೆತು ನಿಂತ ಮಗುವಿಗೆ ಮುಂದಿನ ಸಾಲಿನಿಂದ ಆ ಪದವನ್ನು ಮೆಲ್ಲಗೆ ಎತ್ತಿಕೊಡೋಣ. ನಮ್ಮ ಊರುಗಳ ಭಜನೆಯಲ್ಲಿ ಅಜ್ಜಿಯರು ಮಾಡುತ್ತಿದ್ದುದು ಇದನ್ನೇ. ಅದನ್ನು ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲ, ಹಾಡಿನ ಭಾಗವೆಂದೇ ತಿಳಿಯುತ್ತಿದ್ದರು.

ಎಲ್ಲ ಮಕ್ಕಳೂ ಗಂಗೂಬಾಯಿ, ಭೀಮಸೇನರಾಗಬೇಕಾಗಿಲ್ಲ, ಆಗುವುದೂ ಇಲ್ಲ. ಎದೆ ಡವಗುಟ್ಟುತ್ತಿರುವಾಗಲೂ ಶ್ರುತಿ ಹಿಡಿದು ಮೊದಲ ಸಾಲನ್ನು ಎತ್ತಿಕೊಳ್ಳುವ ಧೈರ್ಯ ಅವರಿಗೆ ಬಂದರೆ ಸಾಕು. ಮುಂದೆ ಕಾಲೇಜಿನ ಸಂದರ್ಶನದಲ್ಲಿ, ಕಚೇರಿಯ ಸಭೆಯಲ್ಲಿ, ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅದೇ ಧೈರ್ಯ ಕೈಹಿಡಿಯುತ್ತದೆ. ಅದನ್ನು ಕನ್ನಡದಲ್ಲಿ ಕಲಿತೆವೆಂದು ಅವರು ನೆನೆದರೆ ನಮ್ಮ ಸಂಘ ಕಟ್ಟಿದ್ದು ಸಾರ್ಥಕ. ಮೊದಲ ಬೈಠಕ್‌ಗೆ ನಮ್ಮ ಮನೆಯ ಹಜಾರ ಸಿದ್ಧವಿದೆ. ಜಮಖಾನ, ಬಿಸಿ ಕಾಫಿ, ಕೋಸಂಬರಿ ನಮ್ಮದು. ಮಕ್ಕಳನ್ನು ನೀವು ಕರೆತನ್ನಿ.